ಹಬ್ಬದ ತನಕ ಒಣಮೀನಿಲ್ಲ

ಒಣಮೀನು ಸುಡುವ ವಾಸನೆ ಬಂದರೆ ಈಗಲೂ ನನ್ನ ನಾಲಿಗೆ ಒಣಗುತ್ತದೆ.

ಅದು ನನ್ನ ಮೊದಲ ರಂಜಾನ್ ಉಪವಾಸ. ಎಂಟು ವರ್ಷವಿರಬಹುದು, ಒಂಬತ್ತೂ ಇರಬಹುದು. ಉಪವಾಸ ಹಿಡಿಯುವ ಮುಂಚಿನ ನಸುಕಿನ ಊಟ ಸಹರಿಗೆ ದಾದಿ, ಅಪ್ಪನ ಅಮ್ಮ, ಗಂಜಿ, ಬೇಯಿಸಿದ ಮೊಟ್ಟೆ ಕೊಟ್ಟಿದ್ದರು. ನಾನು ಅವರ ಕಣ್ಣು ತಪ್ಪಿಸಿದೆನೆಂದುಕೊಂಡು ಎರಡು ಒಣಮೀನು ನಂಜಿಕೊಂಡೆ. ಪಕ್ಕದ ಮನೆಯ ಗಿರಿಜಕ್ಕ ಬೀಜಾಡಿಯ ಕಡಲ ದಂಡೆಯಲ್ಲಿ ಒಣಗಿಸಿದ್ದು, ಉಪ್ಪೇ ಉಪ್ಪು.

ಮಧ್ಯಾಹ್ನಕ್ಕೆ ಗಂಟಲು ಉರಿಯತೊಡಗಿತು. ತಣ್ಣಗಿನ ಬಾವಿಕಟ್ಟೆಗೆ ಕೆನ್ನೆ ಒತ್ತಿ ಕುಳಿತೆ. ಮೀನು ಮಾರಿ ಬಂದ ಗಿರಿಜಕ್ಕ ಬುಟ್ಟಿ ಇಳಿಸಿ ನಕ್ಕಳು.

"ಎಂತ ಆಯ್ತ್ ಹೆಣೆ? ಮೋರೆ ಒಣ ಬಂಗ್ಡಿ ಮೀನ್ ತರ ಆಯ್ತಲೆ!"

"ನಿನ್ ಮೀನೇ ಮಾರಾಯ್ತಿ, ಕದ್ದ್ ತಿಂದಿದ್ಲ್" ಎಂದರು ದಾದಿ. ನನ್ನತ್ತ ತಿರುಗಿ, "ಮಕ್ಳಿಗೆ ಮಾಫಿ ಇತ್ತ್. ನೀರ್ ಕುಡಿ."

ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಗಿರಿಜಕ್ಕ ತಾನು ಕುಡಿಯಲೆಂದು ಎತ್ತಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು.

"ಹಂಗಾರೆ ಬಾಂಗ್ ಆಪುತನ್ಕ ನಾನೂ ಕುಡುದಿಲ್ಲೆ."

ಅವಳು ನಿಜಕ್ಕೂ ಕುಡಿಯದೆ ಇದ್ದಳೇ, ನಡುವೆ ಮನೆಗೆ ಹೋಗಿ ಬಂದಳೇ? ನೆನಪನ್ನು ನಂಬಲಾರೆ. ಸಂಜೆ ಮಸೀದಿಯ ಬಾಂಗ್ ಕೇಳಿದಾಗ ನನ್ನ ಪಕ್ಕದಲ್ಲಿದ್ದಳು, ಅಷ್ಟು ಖಂಡಿತ. ದಾದಿ ಇಬ್ಬರಿಗೂ ಖರ್ಜೂರ, ನೀರು ಕೊಟ್ಟರು. ನಾನು ಪಕೋಡಕ್ಕೆ ಕೈ ಚಾಚಿದರೆ ತಟ್ಟೆಯನ್ನೇ ದೂರ ಸರಿಸಿ, "ಮೊದ್ಲ್ ಗಂಜಿ" ಎಂದರು.

ಮರುದಿನ ಗಿರಿಜಕ್ಕನ ಬುಟ್ಟಿಯಲ್ಲಿ ನನಗೆಂದು ಎಳೆ ಮುಳ್ಳುಸೌತೆ ಬಂತು.

"ನಸ್ಕಿಗೆ ಇದ್ ತಿನ್. ಹಬ್ಬದ್ ತನ್ಕ ಒಣ್ಮೀನ್ ಕೇಂಡ್ರೆ ಕಾಲ್ ಮುರಿತೆ!"

ಉಳಿದ ಉಪವಾಸಗಳನ್ನೆಲ್ಲ ಸೌತೆ ತಿಂದೇ ಮುಗಿಸಿದೆ. ಹಬ್ಬದ ಬೆಳಿಗ್ಗೆ ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಒಣಮೀನಿನ ಪೊಟ್ಟಣ.