ಮರೆಗುಳಿ ಪೆಟ್ಟಿಗೆ

"ಇವತ್ತ ಇಲ್ಲಿಂದ ಏಳಂಗಿಲ್ರೀ. ಇದು ಅದ್ಹೆಂಗ ಮರೀತದೋ ನೋಡೇಬಿಡ್ತೀನಿ!" ಅಮರೇಶ ಸರ್ವರ್ ಪೆಟ್ಟಿಗೆಯ ಎದುರು ಕುರ್ಚಿ ಎಳೆದುಕೊಂಡು ಕೂತ. ಸಿಂಧನೂರಿನ ಈ ರೈಸ್‌ಮಿಲ್ಲಿನ ಆಫೀಸಿನ ಕಂಪ್ಯೂಟರನ್ನೂ ತೂಕದ ಕೋಣೆಯ ಕಂಪ್ಯೂಟರನ್ನೂ ಜೋಡಿಸಲು ಅವನೇ ತಂದಿಟ್ಟ ಪೆಟ್ಟಿಗೆ ಅದು. ದಿನಾ ಸಂಜೆ ಎಲ್ಲ ಸರಿಮಾಡಿ ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದ. ಬೆಳಿಗ್ಗೆ ಬಂದರೆ ಅದು ಹೇಳಿಕೊಟ್ಟದ್ದನ್ನೆಲ್ಲ ಮರೆತು ಪೆದ್ದುಪೆದ್ದಾಗಿ ಕಣ್ಣು ಮಿಟುಕಿಸುತ್ತಿತ್ತು.

"ನಾಳೆ ನಡೀಲಿಲ್ಲಂದ್ರ ಕಟ್ಟಿಕೊಂಡು ಹೋಗಿಬಿಡ್ರಿ," ಎಂದ ಮಾಲೀಕ ಆದೆಪ್ಪ, ಮುಖ ನೋಡದೆ. "ಹೊರಗ ನೆಲ್ಲಿನ ಲಾರಿ ಸಾಲಾಗಿ ನಿಂತಾವು. ತೂಕ ಚೀಟ್ಯಾಗ ಬರೆದು ಕಳಸೋದೇ ಚಲೋ ಇತ್ತು."

ದೀಪ ಹಚ್ಚುವ ಹೊತ್ತಿಗೆ ಆದೆಪ್ಪನ ತಾಯಿ ಕಸ್ತೂರೆಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ಗಲ್ಲಾಪೆಟ್ಟಿಗೆಗೆ ವಿಭೂತಿ ಹಚ್ಚಿದಳು, ಕಂಪ್ಯೂಟರಿಗೆ ಹಚ್ಚಿದಳು. ಆಮೇಲೆ ಸರ್ವರ್ ಪೆಟ್ಟಿಗೆಯ ಮುಂದೆ ಬಾಗಿ, ಅದರ ಮೂತಿಯಲ್ಲಿದ್ದ ಸಣ್ಣ ತೂತಿಗೆ ಊದಿನಕಡ್ಡಿಯನ್ನು ಗಟ್ಟಿಯಾಗಿ ಸಿಕ್ಕಿಸಿ ಕೈಮುಗಿದಳು. ಹಸಿರು ದೀಪ ಆರಿತು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಬೇಕಾದಾಗ ಮಾತ್ರ ಪಿನ್ನಿನಿಂದ ಒತ್ತುವ ತೂತು ಅದು!

"ಅಯ್ಯೋ ಅವ್ವಾ!" ಅಮರೇಶ ತಲೆ ಚಚ್ಚಿಕೊಂಡ. "ಊದಿನಕಡ್ಡಿ ಚುಚ್ಚಾಕ ಒಂದು ಬಾಳಿಹಣ್ಣು ಸಿಗಲಿಲ್ಲೇನ್ರೀ ನಿಮಗ?"

ಕಸ್ತೂರೆಮ್ಮ ಅವನನ್ನೇ ದಿಟ್ಟಿಸಿದಳು. "ಮೊದಲ್ನೇ ದಿನ ಹಣ್ಣಿಗೇ ಚುಚ್ಚಿದ್ನೆಪ್ಪಾ. ಇರುವಿ ಹತ್ತಿ ಪೆಟ್ಟಿಗಿ ಕೆಡ್ತದಂತ ಅದನ್ನ ತಗಿಸಿದಾಂವ ನೀನೇ ಅಲ್ಲೇನು?"