ಕಾಗದದ ವಯಸ್ಸು

ಅರವತ್ತು ತುಂಬಿ ಊರಿನ ಬಿಟ್ಟಿ ಕೆಲಸದಿಂದ ಬಿಡುಗಡೆಯಾಗುವವರ ಸನ್ಮಾನದ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಉಕ್ಪಾಯ್ ಅದರ ಮುಂದೆ ನಿಂತೇ ಇದ್ದ. ವಯಸ್ಸು ಏಳು ವರ್ಷ ಕಡಿಮೆ ಬರೆಸಿ, ಹದಿನೇಳರೊಳಗಿನವರ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ತನ್ನ ದೇಶ ನೈಜೀರಿಯಾದ ಪರ ಒಂಬತ್ತು ಗೋಲು ಹೊಡೆದು ಹೆಸರಾದವನು ಅವನು. ಕಾಗದದಲ್ಲಿ ಅವನಿಗೀಗ ಐವತ್ಮೂರು.

"ಅಲ್ಲಿ ಕೂತ್ಕೋಬೇಡ ಅಣ್ಣ, ಪೇಪರ್‌ನವ್ರು ಬಂದಿದಾರೆ," ತಮ್ಮ ಅಗ್ವು ತೋಳು ಹಿಡಿದ. "ಕೂತ್ರೆ ಆ ಒಂಬತ್ತೂ ಗೋಲು ಹೋಗ್ತವೆ."

ಪಕ್ಕದ ಕುರ್ಚಿಯಿಂದ ಓರಗೆಯ ಎಕೆ ನಕ್ಕ. "ಇಬ್ರೂ ಒಂದೇ ವಾರ ಹುಟ್ಟಿದ್ವಲ್ಲೋ. ನಾನು ಮುದುಕ ಆದೆ. ನೀನಿನ್ನೂ ಏಳು ವರ್ಷ ಊರ ಚರಂಡಿ ತೋಡ್ತಿರು."

ಉಕ್ಪಾಯ್ ಕ್ಯಾಮೆರಾಗಳತ್ತ ನೋಡಿದ. ತಮ್ಮನ ಕೈ ಬಿಡಿಸಿಕೊಂಡು, ಊದಿದ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂತ.

"ಹೋದ್ರೆ ಹೋಗ್ಲಿ ಬಿಡೋ," ಎಂದ. "ಮಂಡಿಗೆ ಅರವತ್ತಾಯ್ತು."