ಕುಂಕುಮ ಹಚ್ಚಿದ ನೊಣ

ತನ್ನ ಮಾವಿನಹಣ್ಣಿಗೆ ಹುಳ ಬೀಳಿಸುವ ನೊಣಗಳೆಲ್ಲ ಬರುವುದು ಬೇಲಿಯಾಚೆಯ ಪಿಳ್ಳಮ್ಮನ ಸೀಬೆ ತೋಟದಿಂದಲೇ ಎಂದು ಪಾಪಣ್ಣ ಊರಿಗೆಲ್ಲ ಸಾರಿದ್ದ. ಸಾಕ್ಷಿ ಬೇಕಲ್ಲ? ಒಂದು ಬೆಳಿಗ್ಗೆ ಕದ್ದು ಅವಳ ತೋಟಕ್ಕೆ ನುಗ್ಗಿ, ಸೀಬೆಯ ಮೇಲೆ ಕೂತಿದ್ದ ನೊಣಗಳಿಗೆ ಕುಂಕುಮ ಊದಿ ಬಂದ. ಎರಡು ದಿನ ಕಳೆಯುವಷ್ಟರಲ್ಲಿ, ಮಾವಿನ ಮರಕ್ಕೆ ತಾನು ಕಟ್ಟಿದ್ದ ಬಲೆಯ ಡಬ್ಬಿಯಲ್ಲಿ ನಾಲ್ಕು ಕೆಂಪು ನೊಣ ಬಿದ್ದಿದ್ದವು. ಡಬ್ಬಿ ಹಿಡಿದು ಕುಣಿಯುತ್ತಲೇ ಅವಳ ಮನೆಗೆ ಓಡಿದ.

"ನೋಡು ಪಿಳ್ಳಕ್ಕ, ನಿನ್ನ ತೋಟದಾಗೆ ನಾನೇ ಕುಂಕುಮ ಹಚ್ಚಿದ ನೊಣ! ಈಗೇನಂತೀಯ?"

"ಏನೂ ಅನ್ನಲ್ಲಪ್ಪ. ಕೂತ್ಕೊ, ಮಜ್ಜಿಗೆ ತರ್ತೀನಿ."

ಮಜ್ಜಿಗೆಯ ಜೊತೆಗೆ ತನ್ನ ಬಲೆಯ ಡಬ್ಬಿಯನ್ನೂ ತಂದು ಮುಂದಿಟ್ಟಳು. ಅದರ ತುಂಬ ಬೆಳ್ಳಗಿನ ನೊಣಗಳು.

"ಹೋದ ವಾರಾನೇ ನಿನ್ನ ತೋಟಕ್ಕೆ ಬಂದು ವಿಭೂತಿ ಊದಿದ್ದೆ ಕಣಪ್ಪ."